ಕೆಲಸವಿಲ್ಲದವಳ ಮಗಳು

ಮುನಿಗಂಗಾಳನ್ನು ಅರ್ಥಶಾಸ್ತ್ರದ ತರಗತಿಯಿಂದ ತೆಗೆದುಹಾಕಿದರು. ಅದಾಗಿ ಮೂರು ವಾರಕ್ಕೆ, ಪರಿಶಿಷ್ಟ ಜಾತಿಯ ಮಕ್ಕಳು ಅರ್ಥಶಾಸ್ತ್ರ ಓದಲು ಮುಂದೆ ಬರಬೇಕೆಂದು ಕರೆಯುವ ಪೋಸ್ಟರಿನ ಮೇಲೆ ಅವಳ ಫೋಟೊ ಹಾಕಿದರು.

ಇದು ನಡೆದದ್ದು ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ, ಬಸವನಗುಡಿಯ ಒಂದು ಕಾಲೇಜಿನಲ್ಲಿ. ಕಾಲೇಜು ಟ್ರಸ್ಟಿನದು. ಟ್ರಸ್ಟಿನವರು ದೊಡ್ಡ ಮನಸ್ಸಿನವರು. ಎಷ್ಟು ದೊಡ್ಡದು ಎಂದು ಯಾರಿಗೂ ಅನುಮಾನ ಬಾರದಿರಲಿ ಅಂತ ಗೇಟಿನ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿಯೂ ಇಟ್ಟಿದ್ದರು.

ಮುನಿಗಂಗಾಳ ತಾಯಿ ಲಕ್ಕಮ್ಮ ತರಗುಪೇಟೆಯಲ್ಲಿ ಗುಡಿಸುವವಳು. ಬೇಳೆಕಾಳಿನ ಸಗಟು ವ್ಯಾಪಾರದ ನಾಲ್ಕು ಮಂಡಿಗಳ ಮುಂದೆ ಅವಳ ಪೊರಕೆ. ಬೆಳಗ್ಗೆ ಲಾರಿ ಬಂದು ನಿಲ್ಲುವ ಹೊತ್ತಿಗೆ ಅವಳು ಅಲ್ಲಿರಬೇಕು. ಹಮಾಲಿಗಳು ಕೊಕ್ಕೆ ಹಾಕಿ ಮೂಟೆ ಎಳೆಯುತ್ತಾರೆ. ಕೊಕ್ಕೆ ಬಿದ್ದ ಕಡೆ ಗೋಣಿ ಹರಿಯುತ್ತದೆ. ಹರಿದ ಕಡೆಯಿಂದ ಬೇಳೆ ಸುರಿಯುತ್ತದೆ. ಲಕ್ಕಮ್ಮ ಲಾರಿಯ ಚಕ್ರದ ಸಂದಿಯಲ್ಲಿ ಕೂತು ಗುಡಿಸುತ್ತಾಳೆ. ಹರಿದ ಗೋಣಿಗಳನ್ನು ದಬ್ಬಣ ಹಿಡಿದು ಹೊಲಿಯುತ್ತಾಳೆ. ಮಂಡಿಯ ಮುಂದಿನ ಮೋರಿ ಬಳಿಯುತ್ತಾಳೆ. ಒಣಮೆಣಸಿನಕಾಯಿ ಇಳಿಸಿದ ದಿನ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಗುಡಿಸುತ್ತಾಳೆ, ಮನೆಗೆ ಬಂದು ರಕ್ತ ಬರುವಷ್ಟು ಕೆಮ್ಮುತ್ತಾಳೆ. ಇಪ್ಪತ್ತಾರು ವರ್ಷ ಹೀಗೆ ಕುಕ್ಕುರುಗಾಲಿನಲ್ಲಿ ಸರಿದು ಸರಿದು ಅವಳ ಮೊಣಕಾಲು ಈಗ ನೆಟ್ಟಗೆ ಮಡಚುವುದೂ ಇಲ್ಲ, ನೆಟ್ಟಗೆ ನಿಲ್ಲುವುದೂ ಇಲ್ಲ.

ಇಷ್ಟಕ್ಕೆ ಸಾವುಕಾರರು ಕೂಲಿ ಕೊಡುವುದಿಲ್ಲ. ಚೆಲ್ಲಿದ್ದು ಗುಡಿಸಿದವಳಿಗೆ ಅನ್ನುವುದು ತರಗುಪೇಟೆಯ ಪದ್ಧತಿ. ಗುಡಿಸಿ ತಂದದ್ದರಲ್ಲಿ ಒಂದು ಪಾಲು ಬೇಳೆ. ಉಳಿದದ್ದು ಮಣ್ಣು, ಹರಳು, ಇಲಿಹಿಕ್ಕೆ, ಬೀಡಿತುಂಡು, ಹಮಾಲಿಗಳು ಉಗಿದ ಎಲೆಅಡಿಕೆ. ಅದನ್ನು ಮನೆಗೆ ಹೊತ್ತು ತಂದು ಜರಡಿ ಹಿಡಿಯಬೇಕು, ಕೇರಬೇಕು, ಒಂದೊಂದೇ ಹರಳು ಆರಿಸಬೇಕು, ತೊಳೆದು ಒಣಗಿಸಬೇಕು. ಆಮೇಲೆ ಅದು ಚಾಮರಾಜಪೇಟೆಯ ಹಿಂದಿನ ಕೇರಿಗಳಲ್ಲಿ ಪಾವಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಏಳು ವರ್ಷದವಳಿದ್ದಾಗಿನಿಂದ ಮುನಿಗಂಗಾ ಹರಳು ಆರಿಸಿದ್ದಾಳೆ. ಅವಳ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಅವಳಿಗೆ ಅರ್ಥಶಾಸ್ತ್ರ ಹೇಳಿಕೊಟ್ಟವರು ಕಾವೇರಮ್ಮ ಮೇಡಂ. ಬೆಲೆ, ಬೇಡಿಕೆ, ಕೊರತೆ, ದಾಸ್ತಾನು ಎಂಬ ಪದಗಳು ಬೋರ್ಡಿನ ಮೇಲೆ ಬಂದಾಗ ಮುನಿಗಂಗಾ ಬೆಚ್ಚಿಬಿದ್ದಳು. ಇದು ನಮ್ಮ ಬೀದಿ ಕಥೆಯಲ್ಲವಾ? ಇದನ್ನೂ ಪುಸ್ತಕದಲ್ಲಿ ಬರೆಯುತ್ತಾರಾ? ಹಬ್ಬ ಹತ್ತಿರ ಬಂದಾಗ ಸಾವುಕಾರರು ಮೂಟೆ ಒಳಗೆ ಹಾಕಿ ಬೀಗ ಜಡಿಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದಕ್ಕೊಂದು ಹೆಸರಿದೆ ಅಂತ ಗೊತ್ತಾದ ದಿನ ಅವಳಿಗೆ ಊಟ ಸೇರಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಅರ್ಥಶಾಸ್ತ್ರಕ್ಕೆ ಎಂಬತ್ತನಾಲ್ಕು ಅಂಕ ಬಂತು. ಕಾವೇರಮ್ಮ ಮೇಡಂ ಮಾರ್ಕ್ಸ್‌ಕಾರ್ಡು ಕೈಗೆ ಕೊಡುತ್ತಾ, "ಡಿಗ್ರಿಗೂ ಎಕನಾಮಿಕ್ಸೇ ತಗೋ ಕಣೆ. ಎಂ.ಎ. ಮಾಡು. ನಿಮ್ ಕೇರಿಯಿಂದ ಒಬ್ಬಳಾದ್ರೂ ಹೋಗಿ ಅಲ್ಲಿ ಕೂತ್ಕೋಬೇಕು" ಅಂದರು. ಅವರು ಹೇಳಿದ್ದು ಅಷ್ಟೇ. ಪೋಸ್ಟರು ಅಂಟಿಸಲಿಲ್ಲ.

ಬಸವನಗುಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ವಿಭಾಗಕ್ಕೆ ವಾದಿರಾಜರು ಮುಖ್ಯಸ್ಥರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಪಾಠ ಇಂಗ್ಲಿಷಿನಲ್ಲಿ. ಎಡಗಡೆ ಕೊನೆಯ ಎರಡು ಬೆಂಚಿನಲ್ಲಿ ಕನ್ನಡ ಮಾಧ್ಯಮದ ಆರು ಮಂದಿ ಕೂರುತ್ತಿದ್ದರು. ಯೂನಿವರ್ಸಿಟಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು ಅಂದಿತ್ತು. ಕಲಿಸಬೇಕಾದವರಿಗೆ ಮಾತ್ರ ಕನ್ನಡದಲ್ಲಿ ಕಲಿಸುವುದು ಬಾಯಿಗೆ ಕಹಿ. ಹಾಗಾಗಿ ಶುಕ್ರವಾರ ಕೊನೆಯ ಹತ್ತು ನಿಮಿಷ ವಾದಿರಾಜರು ಆ ಎರಡು ಬೆಂಚಿನ ಕಡೆ ತಿರುಗಿ, ವಾರದ ಪಾಠವನ್ನೆಲ್ಲ ನಾಲ್ಕು ವಾಕ್ಯಕ್ಕೆ ಇಳಿಸಿ ಕನ್ನಡದಲ್ಲಿ ಎಸೆಯುತ್ತಿದ್ದರು.

ಅಂಥದೊಂದು ಶುಕ್ರವಾರ ಅವರು ಹೇಳಿದರು: "ಪರ್ಫೆಕ್ಟ್ ಕಾಂಪಿಟಿಷನ್ ಅಂದ್ರೆ ದೂರ ಎಲ್ಲೂ ಹೋಗ್ಬೇಕಾಗಿಲ್ಲ. ನಮ್ಮ ತರಗುಪೇಟೆ ತಗೊಳ್ಳಿ. ನೂರಾರು ಜನ ಮಾರೋರು, ಸಾವಿರಾರು ಜನ ಕೊಳ್ಳೋರು. ಎಲ್ರಿಗೂ ಎಲ್ಲಾ ರೇಟೂ ಗೊತ್ತಿರುತ್ತೆ. ಒಬ್ಬನೇ ನಿಂತು ರೇಟು ಅಲ್ಲಾಡ್ಸೋಕಾಗಲ್ಲ."

ಮುನಿಗಂಗಾ ಎದ್ದು ನಿಂತಳು. ಯಾಕೆ ಎದ್ದೆ ಅಂತ ಅವಳಿಗೂ ಆಮೇಲೆ ಗೊತ್ತಾಗಲಿಲ್ಲ.

"ಸಾರ್, ಅಲ್ಲಿ ರೇಟು ಯಾರಿಗೂ ಗೊತ್ತಾಗಲ್ಲ ಸಾರ್."

"ಏನಮ್ಮಾ?"

"ಟವೆಲ್ ಮುಚ್ಕೊಂಡು, ಅದ್ರ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡೀತಾರೆ ಸಾರ್. ಯಾವ ಬೆರಳು ಎಷ್ಟು ಅಂತ ಆ ಇಬ್ರಿಗೇ ಗೊತ್ತು. ಪಕ್ಕದಲ್ಲಿ ನಿಂತೋನಿಗೂ ಗೊತ್ತಾಗಲ್ಲ. ಇವ್ನಿಗೊಂದು ರೇಟು, ಅವ್ನಿಗೊಂದು ರೇಟು. ದಲ್ಲಾಳಿ ಹೇಳಿದ್ದೇ ಆಟ."

ಮುಂದಿನ ಬೆಂಚಿನ ಆಕರ್ಷ ಹಿಂದಕ್ಕೆ ತಿರುಗಿ, "ಮಚ್ಚಾ, ಬೇಳೆ ಪ್ರೊಫೆಸರ್ ಬಂದ್ರು, ಎದ್ದೇಳ್ರೋ" ಅಂದ. ಕ್ಲಾಸು ನಕ್ಕಿತು. ವಾದಿರಾಜರೂ ನಕ್ಕರು.

"ನೀನು ಯಾವಾಗ ನೋಡಿದ್ದು ಇದನ್ನೆಲ್ಲಾ?"

"ದಿನಾ ನೋಡ್ತೀನಿ ಸಾರ್. ನೀವು ಯಾವಾಗ ನೋಡಿದ್ರಿ?"

ಕೊಂಕಿನಿಂದ ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದು. ಆದರೆ ವಾದಿರಾಜರು ತರಗುಪೇಟೆ ನೋಡಿರಲಿಲ್ಲ. ಅವರ ಮನೆಯಿಂದ ಅದು ಎರಡು ಮೈಲಿಯೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರತಿ ಜುಲೈ ಅದೇ ಉದಾಹರಣೆ ಕೊಟ್ಟಿದ್ದರು, ಒಂದು ದಿನವೂ ಕಾಲಿಟ್ಟಿರಲಿಲ್ಲ. ಅವರ ಅಕ್ಕಿಬೇಳೆಯನ್ನು ಗಾಂಧಿಬಜಾರಿನ ಅಂಗಡಿಯಾತ ಮನೆಗೇ ಕಳಿಸುತ್ತಿದ್ದ. ತರಗುಪೇಟೆಯ ಧೂಳು ಅವರಿಗೆ ಒಗ್ಗುವುದಿಲ್ಲವಂತೆ. ಧೂಳು ಯಾರಿಗೆ ಒಗ್ಗುತ್ತದೆ?

"ಪರೀಕ್ಷೇಲಿ ಟವೆಲ್ಲು ಅಂತ ಬರೀ" ಅಂದರು ವಾದಿರಾಜರು. "ಸೊನ್ನೆ ಕೊಡ್ತೀನಿ. ಕೂತ್ಕೋ."

ಮುಂದಿನ ಗುರುವಾರ ಆ ಆರು ಮಂದಿಯನ್ನೂ ಆಫೀಸಿಗೆ ಕರೆದರು. ಗುಮಾಸ್ತ ಮರಿಯಣ್ಣ ಆರು ಕಾಗದ ಟೈಪು ಮಾಡಿಟ್ಟಿದ್ದ. 'ನನಗೆ ಅರ್ಥಶಾಸ್ತ್ರವು ಕಠಿಣವೆನಿಸಿರುವುದರಿಂದ ನನ್ನ ಸ್ವಇಚ್ಛೆಯಿಂದ ಐಚ್ಛಿಕ ಕನ್ನಡ ಮತ್ತು ಸಮಾಜಶಾಸ್ತ್ರಕ್ಕೆ ಬದಲಾಯಿಸಿಕೊಡಬೇಕಾಗಿ ಪ್ರಾರ್ಥನೆ' ಅಂತ ಬರೆದಿತ್ತು. ಕೆಳಗೆ ಸೈನಿಗೆ ಜಾಗ.

"ನಂಗೇನೂ ಕಠಿಣ ಅನ್ಸಿಲ್ವಲ್ಲ ಅಣ್ಣ" ಅಂದಳು ಮುನಿಗಂಗಾ.

ಮರಿಯಣ್ಣ ತಲೆ ಎತ್ತಲಿಲ್ಲ. "ಪ್ರಿನ್ಸಿಪಾಲ್ರು ಹೇಳವ್ರೆ ತಾಯಿ. ಕನ್ನಡದಲ್ಲಿ ಎಕನಾಮಿಕ್ಸ್ ಬಂದ್ ಮಾಡ್ತಾವ್ರೆ. ಸೈನ್ ಹಾಕ್ದಿದ್ರೆ ಟೀಸಿ ತಗೊಂಡು ಹೋಗು ಅಂತಾರೆ. ಆದ್ರೆ ನಿನ್ ಒರಿಜಿನಲ್ ಮಾರ್ಕ್ಸ್‌ಕಾರ್ಡು ಈ ಬೀರುವಲ್ಲೇ ಅದೆ. ಅದು ಬೇಗ ಈಚೆ ಬರಲ್ಲ. ಅಷ್ಟ್ರಲ್ಲಿ ಬೇರೆ ಕಾಲೇಜಲ್ಲಿ ಅಡ್ಮಿಷನ್ ಮುಗ್ದೋಗಿರ್ತದೆ."

ಐದು ಜನ ಸೈನು ಹಾಕಿದರು. ಆರನೆಯವಳಾಗಿ ಮುನಿಗಂಗಾ ಹಾಕಿದಳು. ನಾನು ದಡ್ಡಿ ಎಂದು ನಾನೇ ಒಪ್ಪಿ, ನನ್ನನ್ನು ಹೊರಗೆ ಹಾಕಿ ಎಂದು ನಾನೇ ಪ್ರಾರ್ಥಿಸಿ, ಕೆಳಗೆ ನನ್ನದೇ ಹೆಸರು. ಆ ಕಾಗದ ನೆನಪಾದಾಗಲೆಲ್ಲ ಅವಳ ಕಿವಿ ಸುಡುತ್ತಿತ್ತು. ಬೈಸಿಕೊಂಡಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಆಗಸ್ಟ್ ಕೊನೆಗೆ ಪಕ್ಕದ ಮನೆಯ ಸೆಲ್ವಿ ಓಡಿ ಬಂದಳು. ಸೆಲ್ವಿ ಅದೇ ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುವವಳು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಒಂದೇ ವೇಗ.

"ಅಕ್ಕಾ, ಅಕ್ಕಾ! ನಿನ್ ಫೋಟೊ ಹಾಕವ್ರೆ ನಮ್ ಕಾಲೇಜ್ ಗೋಡೆ ಮೇಲೆ! ಇಷ್ಟು ದೊಡ್ಡದು! ಸಿನಿಮಾದವ್ರ ತರ!"

ಹೌದು, ಹಾಕಿದ್ದರು. 'ಅರ್ಥಶಾಸ್ತ್ರದೆಡೆಗೆ' ಎಂದು ಮೇಲೆ. ಕೆಳಗೆ ದಪ್ಪ ಇಂಗ್ಲಿಷ್ ಪುಸ್ತಕ ಎದೆಗವಚಿಕೊಂಡ ಮುನಿಗಂಗಾ. 'ನಾನು ಬಂದಿದ್ದೇನೆ. ನೀವೂ ಬನ್ನಿ' ಎಂದು ಅವಳ ಬಾಯಿಯ ಪಕ್ಕ ಅಚ್ಚಾಗಿತ್ತು. ಜುಲೈ ಮೊದಲ ವಾರ ಟ್ರಸ್ಟಿನ ಗಿರಿಜಾಂಬಾ ಮೇಡಂ ಬಂದು ತೆಗೆಸಿದ ಫೋಟೊ ಅದು. ಫೋಟೊ ಆದ ಮೇಲೆ ಲೈಬ್ರರಿಯವನು ಆ ಪುಸ್ತಕ ಕಿತ್ತುಕೊಂಡಿದ್ದ. ರೆಫರೆನ್ಸ್ ಬುಕ್ಕು, ಮನೆಗೆ ಕೊಡೋದಿಲ್ಲ ಅಂದಿದ್ದ. ಅವಳು ಆ ಪುಸ್ತಕವನ್ನು ತಬ್ಬಿದ್ದಳು, ತೆರೆದಿರಲಿಲ್ಲ.

"ಶನಿವಾರ ಫಂಕ್ಷನ್ ಐತಂತೆ. ಒರಿಜಿನಲ್ ಎಸೆಸೆಲ್ಸಿ ಮಾರ್ಕ್ಸ್‌ಕಾರ್ಡ್ ಕೊಟ್ಟು ಹೆಸ್ರು ಬರೆಸಿದ್ರೆ ಮುಂದಿನ್ ವರ್ಷ ಸೀಟು ಗ್ಯಾರಂಟಿಯಂತೆ. ನಮ್ಮಪ್ಪ ಬೇಡ ಅಂದ್ರು. ನಾನು ನಿನ್ ಫೋಟೊ ತೋರಿಸ್ದೆ. ಸುಮ್ನಾದ್ರು" ಅಂದಳು ಸೆಲ್ವಿ. "ಕ್ಲಾಸಲ್ಲಿ ಏನೇನು ಹೇಳ್ತಾರಕ್ಕಾ?"

ಮುನಿಗಂಗಾ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾಚಿಕೆ. ಅವತ್ತೂ ಹೇಳಲಿಲ್ಲ. "ಆಮೇಲೆ ಹೇಳ್ತೀನಿ, ಹೋಗು" ಅಂದಳು.

ಮಾರನೆಯ ದಿನ ಅವಳಿಗೆ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಪ್ರಿನ್ಸಿಪಾಲ್ ಶ್ರೀನಿವಾಸಯ್ಯನವರು ಕುರ್ಚಿಯಲ್ಲಿ, ಗಿರಿಜಾಂಬಾ ಸೋಫಾದಲ್ಲಿ, ವಾದಿರಾಜರು ಕಿಟಕಿಯ ಬಳಿ. ಅವಳಿಗೆ ಕೂರು ಅನ್ನಲಿಲ್ಲ. ಗಿರಿಜಾಂಬಾ ಕೈಯಲ್ಲಿ ಒಂದು ಹಾಳೆ ಇತ್ತು.

"ಬಾ ಪುಟ್ಟಿ. ಎಷ್ಟು ಲಕ್ಷಣವಾಗಿ ಬಂದಿದೀಯ ಫೋಟೊದಲ್ಲಿ! ಹೊರದೇಶದಿಂದ ಸಹಾಯ ಕೊಡೋ ಸಂಸ್ಥೆಯವ್ರು ಶನಿವಾರ ಬರ್ತಿದಾರೆ. ಆರು ಕಾಲೇಜಿನ ನಿಮ್ಮ ಕಡೆ ಮಕ್ಕಳೆಲ್ಲಾ ಬರ್ತಾರೆ. ನೀನು ಐದೇ ನಿಮಿಷ ಮಾತಾಡ್ಬೇಕು. ವಾದಿರಾಜರು ಪಾಪ ಕೂತು ಬರ್ದುಕೊಟ್ಟಿದಾರೆ."

"ಮೇಡಂ, ನಾನು ಎಕನಾಮಿಕ್ಸಲ್ಲಿ ಇಲ್ಲ. ತೆಗೆದ್ರು."

ಗಿರಿಜಾಂಬಾ ವಾದಿರಾಜರ ಕಡೆ ನೋಡಿದರು. ವಾದಿರಾಜರು ಕಿಟಕಿಯಾಚೆ ನೋಡಿದರು. "ತೆಗೆದಿಲ್ಲ ಮೇಡಂ. ಅವಳೇ ಬರ್ಕೊಟ್ಟು ಹೋಗಿದ್ದು. ಫೈಲಲ್ಲಿದೆ."

"ಹೋಗ್ಲಿ ಬಿಡಿ, ಅದನ್ನೆಲ್ಲ ಯಾರು ಕೇಳ್ತಾರೆ" ಅಂದರು ಗಿರಿಜಾಂಬಾ. "ಪೋಸ್ಟರೇ ಪ್ರಿಂಟ್ ಆಗೋಗಿದೆ."

ಪೋಸ್ಟರು ಪ್ರಿಂಟಾದ ಮೇಲೆ ಹುಡುಗಿಯದೇನು ಮಾತು! ಹುಡುಗಿಯನ್ನು ಬದಲಾಯಿಸಬಹುದು, ಪೋಸ್ಟರು ಬದಲಾಯಿಸಲು ಆಗುತ್ತದೆಯೇ?

ಮುನಿಗಂಗಾ ಹೇಳಿದಳು: "ನನ್ನ ಸೀಟು ವಾಪಸ್ ಕೊಟ್ರೆ ಮಾತಾಡ್ತೀನಿ."

"ಅಬ್ಬಾ! ಚೌಕಾಸಿ ಮಾಡ್ತಿದಾಳೆ ನೋಡಿ" ಎಂದು ಗಿರಿಜಾಂಬಾ ನಕ್ಕರು. ಅವರಿಗೆ ಮಜಾ ಅನಿಸಿತು. "ಕೊಟ್ಬಿಡಿ ಶ್ರೀನಿವಾಸಯ್ಯನವ್ರೇ. ಒಂದು ಸೀಟು ತಾನೆ."

ಶ್ರೀನಿವಾಸಯ್ಯನವರು ಕೆಮ್ಮಿದರು. ಯೂನಿವರ್ಸಿಟಿಗೆ ಪಟ್ಟಿ ಹೋಗುವುದು ಸೆಪ್ಟೆಂಬರ್ ಹದಿನೈದಕ್ಕೆ. ಅಷ್ಟರೊಳಗೆ ತಿದ್ದಬಹುದು ಅಂದರು. ಅಲ್ಲೇ ಒಂದು ಆದೇಶ ಬರೆದು ಸೈನು ಹಾಕಿ ವಾದಿರಾಜರ ಕೈಗೆ ಕೊಟ್ಟರು. ವಾದಿರಾಜರು ಅದನ್ನು ಮಡಚಿ ಎರಡು ಪೆನ್ನುಗಳ ಹಿಂದೆ ಜೇಬಿಗೆ ಇಳಿಸಿದರು.

"ಶನಿವಾರ ಓದಿ ಮುಗಿಸು. ಸ್ಟೇಜಿಂದ ಇಳೀತಿದ್ದ ಹಾಗೇ ಇದು ನಿನ್ನದು" ಅಂದರು.

"ಉಳಿದ ಐದು ಜನಕ್ಕೆ ಸಾರ್?"

"ನಿನ್ನದು ನೋಡ್ಕೋಮ್ಮ."

"ನಿಮ್ಮ ತಾಯೀನೂ ಕರ್ಕೊಂಬಾ" ಅಂದರು ಗಿರಿಜಾಂಬಾ, ಹಾಳೆಯನ್ನು ಅವಳ ಕೈಗಿಡುತ್ತಾ. "ನಾನೇ ಒಂದು ಸೀರೆ ಕೊಡ್ತೀನಿ. ಮುಂದಿನ ಸಾಲಲ್ಲೇ ಕೂರಿಸೋಣ."

ಹೊರಗೆ ಮರಿಯಣ್ಣ ಕಾರಿಡಾರಿನಲ್ಲಿ ಫೈಲು ಹಿಡಿದು ನಿಂತಿದ್ದ. ಅವನೂ ಮುನಿಗಂಗಾಳ ಜಾತಿಯವನೇ, ಮಾಗಡಿ ಕಡೆಯಿಂದ ಬಂದವನು. ಆಫೀಸಿನಲ್ಲಿ ಅದನ್ನು ಯಾರೂ ಅವನಿಗೆ ಮರೆಯಲು ಬಿಟ್ಟಿರಲಿಲ್ಲ.

"ಶನಿವಾರ ಹೆಸ್ರು ಬರೆಸೋ ಹುಡುಗ್ರಿಗೆ ಕನ್ನಡದಲ್ಲಿ ಕ್ಲಾಸು ಇರುತ್ತಾ ಅಣ್ಣ?" ಎಂದು ಕೇಳಿದಳು.

"ಇಲ್ಲ ತಾಯಿ. ಮುಂದಿನ ವರ್ಷದ ಅರ್ಜೀಲಿ ಆ ಕಾಲಮ್ಮೇ ಇಲ್ಲ, ಹೊಡೆದಾಕವ್ರೆ. ಇವ್ರಿಗೆ ನೂರು ಹೆಸ್ರು ಬೇಕು, ಸಹಾಯ ಕೊಡೋರಿಗೆ ತೋರ್ಸಕ್ಕೆ. ಮಾರ್ಕ್ಸ್‌ಕಾರ್ಡು ಬೀರುಗೆ ಹೋಯ್ತದೆ. ಜೂನಲ್ಲಿ ಮತ್ತೆ ಸ್ವಇಚ್ಛೆ ಕಾಗದ." ಅತ್ತಿತ್ತ ನೋಡಿದ. "ನಾನು ಹೇಳ್ದೆ ಅನ್ಬೇಡ. ನಂಗೂ ಮಕ್ಕಳವ್ರೆ."

ಸಂಜೆ ಮುನಿಗಂಗಾ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಲಕ್ಕಮ್ಮ ಹೊಸಿಲ ಬಳಿ ಕಾಲು ನೀಡಿಕೊಂಡು ಬೇಳೆ ಕೇರುತ್ತಿದ್ದವಳು ಕೇರುತ್ತಲೇ ಕೇಳಿದಳು.

"ಓದಿಬುಡು ಗಂಗಿ. ಎರಡು ಮಾತು. ಸೀಟು ಸಿಕ್ತದಲ್ಲ."

"ಸೆಲ್ವಿ ಹೋಗಿ ಬೀಳ್ತಾಳವ್ವ."

"ಸೆಲ್ವಿಗೆ ಆಮ್ಯಾಕೆ ಗುಟ್ಟಾಗಿ ಹೇಳನ. ನೀನು ಮೊದ್ಲು ನಿನ್ ಕಾಲೂರಿಕೋ. ನಾ ಇನ್ನೆಷ್ಟು ದಿನ ಗುಡಿಸ್ಲಿ? ಓದು, ಏನು ಬರ್ದವ್ರೆ ಕೇಳನ."

ಮುನಿಗಂಗಾ ಹಾಳೆ ತೆಗೆದು ಓದಿದಳು. ಎಲ್ಲರಿಗೂ ನಮಸ್ಕಾರ. ನಾನು ಈ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಕೊಳಗೇರಿಯ ಕತ್ತಲಲ್ಲಿದ್ದ ನನ್ನನ್ನು ಈ ಸಂಸ್ಥೆ ಕೈಹಿಡಿದು ಮೇಲೆತ್ತಿತು. ನನ್ನ ತಾಯಿ ಕೆಲಸವಿಲ್ಲದವರು. ಬೀದಿಯಲ್ಲಿ ಬಿದ್ದ ಕಾಳನ್ನು ಆಯ್ದು...

ಮೊರ ನಿಂತಿತು.

"ಏನಂದೆ?"

"ನನ್ನ ತಾಯಿ ಕೆಲಸವಿಲ್ಲದವರು."

"ಯಾರು ಕೆಲ್ಸ ಇಲ್ದೋಳು?"

ಮುನಿಗಂಗಾ ಹಾಳೆ ಕೆಳಗಿಟ್ಟಳು.

"ಈ ನನ್ಮಕ್ಕಳು ಎದ್ದು ಹಲ್ಲುಜ್ಜೋ ಹೊತ್ಗೆ ನಾನು ಎರಡು ಮಂಡಿ ಗುಡಿಸಿ ಮುಗಿಸಿರ್ತೀನಿ" ಅಂದಳು ಲಕ್ಕಮ್ಮ. ಅವಳು ಕೂಗಲಿಲ್ಲ. ಅವಳ ಕೈ ಮಾತ್ರ ಮೊರದ ಮೇಲೆ ಬಿಗಿಯಾಗಿತ್ತು. "ನಾಲ್ಕು ದಿನ ನಾನು ಮಲಗಿದ್ರೆ ಆ ಬೀದೀಲಿ ಲಾರಿ ನಿಲ್ಲಾಕಾಗಲ್ಲ. ಕೂಲಿ ಕೊಡ್ದಿದ್ರೆ ಅದು ಅವರ ಕೆಟ್ಟ ಬುದ್ಧಿ. ನಾನು ಕೆಲ್ಸ ಇಲ್ದೋಳಾ? ಆ ಸಾಲು ತೆಗಿ ಅನ್ನು. ಮಿಕ್ಕಿದ್ದು ಓದು."

ಶುಕ್ರವಾರ ಮುನಿಗಂಗಾ ವಾದಿರಾಜರ ಕೋಣೆಗೆ ಹೋದಳು. ಒಂದು ಸಾಲು ತೆಗೆಯಬೇಕು ಸಾರ್ ಅಂದಳು. ಅವರು ಹಾಳೆ ತಗೊಂಡು ನೋಡಿದರು.

"ಇದೇ ಕಣಮ್ಮ ಮುಖ್ಯ. ಸಹಾಯ ಕೊಡೋರ ನಿಯಮದಲ್ಲೇ ಇದೆ, ಕೆಲಸವಿಲ್ಲದವ್ರ ಮಕ್ಕಳಿಗೆ ಅಂತ."

"ನಮ್ಮವ್ವ ಕೆಲಸ ಮಾಡ್ತಾಳೆ ಸಾರ್."

"ಕೂಲಿ ಬರುತ್ತಾ?"

"ಇಲ್ಲ. ಗುಡಿಸಿದ್ದು ಸಿಗುತ್ತೆ."

"ಕೂಲಿ ಇಲ್ಲ, ಮಾಲೀಕ ಇಲ್ಲ, ಹಾಜರಿ ಇಲ್ಲ. ಅರ್ಥಶಾಸ್ತ್ರದ ಪ್ರಕಾರ ಅದು ಉದ್ಯೋಗ ಅಲ್ಲ" ಎಂದು ವಾದಿರಾಜರು ತಾಳ್ಮೆಯಿಂದ ವಿವರಿಸಿದರು. ಆ ಕಾಲೇಜಿನಲ್ಲಿ ಅವರು ಅವಳಿಗೆ ಕನ್ನಡದಲ್ಲಿ, ಅವಸರವಿಲ್ಲದೆ, ಪೂರ್ತಿಯಾಗಿ ಮಾಡಿದ ಪಾಠ ಅದೊಂದೇ. "ಭಾವನೆ ಬೇರೆ, ಶಾಸ್ತ್ರ ಬೇರೆ. ನೀನು ಮುಂದೆ ಎಕನಾಮಿಕ್ಸ್ ಓದೋಳು, ಇದು ಅರ್ಥ ಆಗ್ಬೇಕು ನಿಂಗೆ."

ಅರ್ಥವಾಯಿತು. ಅವಳು ಹಾಳೆ ತಗೊಂಡು ಈಚೆ ಬಂದಳು. ಬ್ಯೂಗಲ್ ರಾಕ್ ಪಾರ್ಕಿನ ಪಕ್ಕ ನಡೆದು ಬರುವಾಗ ಯೋಚಿಸಿದಳು. ಓದಿದರೆ ಮೂರು ವರ್ಷ. ಆಮೇಲೆ ಎಂ.ಎ. ಓದದಿದ್ದರೆ ಈ ವರ್ಷ ಹೋಯಿತು. ಬಹುಶಃ ಎಲ್ಲ ವರ್ಷವೂ ಹೋಯಿತು. ಮನೆ ತಲುಪುವವರೆಗೂ ಅವಳಿಗೆ ತೀರ್ಮಾನವಾಗಿರಲಿಲ್ಲ. ರಾತ್ರಿ ಸೆಲ್ವಿಗೆ ಗುಟ್ಟಾಗಿ ಹೇಳಿಬಿಡೋಣವೆಂದು ಎರಡು ಸಲ ಎದ್ದಳು. ಸೆಲ್ವಿಗೆ ಹೇಳಿದರೆ ಸೆಲ್ವಿ ಉಳಿಯುತ್ತಾಳೆ. ಉಳಿದ ತೊಂಬತ್ತೊಂಬತ್ತು ಹೆಸರು?

ಶನಿವಾರ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಹೂವಿನ ಕುಂಡ, ಬೆಳ್ಳಿ ದೀಪ, ಹಿಂದೆ ಬಟ್ಟೆಯ ಮೇಲೆ ಆಳೆತ್ತರದ ಮುನಿಗಂಗಾ. ಅತಿಥಿಗಳಿಗೆ ತಟ್ಟೆಯಲ್ಲಿ ಮೈಸೂರುಪಾಕು, ಗೋಡಂಬಿ, ಪಿಂಗಾಣಿ ಬಟ್ಟಲಿನಲ್ಲಿ ಕಾಫಿ. ಮಕ್ಕಳಿಗೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಂದು ಬಿಸ್ಕತ್ತು, ಒಂದು ಬಾಳೆಹಣ್ಣು. ಅದನ್ನೂ ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಹತ್ತಿರ ಕೊಡುವುದಂತೆ, ಮೊದಲೇ ಕೊಟ್ಟರೆ ಎದ್ದು ಹೋಗುತ್ತಾರಂತೆ. ನಮ್ಮವರ ಬಗ್ಗೆ ಇವರಿಗೆ ಎಷ್ಟು ಆಳವಾದ ಅಧ್ಯಯನ!

ಲಕ್ಕಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗಿರಿಜಾಂಬಾ ಕಳಿಸಿದ ಸೀರೆ ಉಟ್ಟಿರಲಿಲ್ಲ. ತನ್ನದೇ ಹಸಿರು ಸೀರೆ. ಮಂಡಿ ಮಡಚಲು ಬಾರದೆ ಒಂದು ಕಾಲು ಉದ್ದಕ್ಕೆ ಚಾಚಿಕೊಂಡಿದ್ದಳು. ಸ್ವಯಂಸೇವಕಿಯೊಬ್ಬಳು ಬಂದು "ಅಜ್ಜಿ, ಕಾಲು ಒಳಗೆ" ಅಂದಳು. ಲಕ್ಕಮ್ಮನಿಗೆ ಆಗ ನಲವತ್ತೈದು.

ಮೂರನೆಯ ಸಾಲಿನಲ್ಲಿ ಸೆಲ್ವಿ. ತೊಡೆಯ ಮೇಲೆ ಫಾರಂ. ಅದರ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್‌ಕಾರ್ಡು.

ಗಿರಿಜಾಂಬಾ ಇಪ್ಪತ್ತು ನಿಮಿಷ ಮಾತಾಡಿದರು. ಈ ಸಮುದಾಯದವರಲ್ಲಿ ಆತ್ಮವಿಶ್ವಾಸದ ಕೊರತೆ ಇದೆ ಅಂದರು. ಅರ್ಥಶಾಸ್ತ್ರ ಕಂಡರೆ ಹೆದರುತ್ತಾರೆ, ಆ ಹೆದರಿಕೆ ನಾವು ಬಿಡಿಸಬೇಕು ಅಂದರು. ಆಮೇಲೆ ಮುನಿಗಂಗಾಳನ್ನು ಕರೆದರು. ಕಾರ್ಯಕ್ರಮದಲ್ಲಿ ಅವಳ ಹೆಸರು ಇರಲಿಲ್ಲ, 'ಫಲಾನುಭವಿಯ ಅನಿಸಿಕೆ' ಅಂತ ಇತ್ತು.

ಅವಳು ಹೋಗಿ ಮೈಕಿನ ಮುಂದೆ ನಿಂತಳು. ಹಾಳೆ ಬಿಡಿಸಿದಳು. ಪಕ್ಕದಲ್ಲೇ ವಾದಿರಾಜರು ಕೂತಿದ್ದರು. ಮಡಚಿದ ಆದೇಶದ ತುದಿ ಜೇಬಿನಿಂದ ಇಣುಕುತ್ತಿತ್ತು.

"ಎಲ್ಲರಿಗೂ ನಮಸ್ಕಾರ" ಎಂದು ಓದಿದಳು. "ನಾನು ಈ ಕಾಲೇಜಿನಲ್ಲಿ ಅರ್ಥಶಾಸ್ತ್ರ..."

ಸೆಲ್ವಿ ಫಾರಂ ಮೇಲೆ ಹೆಸರು ಬರೆಯತೊಡಗಿದ್ದಳು. ತಲೆ ಬಗ್ಗಿಸಿ, ನಾಲಿಗೆ ಕಚ್ಚಿಕೊಂಡು, ಅಕ್ಷರ ಸೊಟ್ಟಗಾಗದ ಹಾಗೆ.

"ಓದ್ತಿಲ್ಲ" ಅಂದಳು ಮುನಿಗಂಗಾ.

ಅತಿಥಿಯೊಬ್ಬರು ಚಪ್ಪಾಳೆ ತಟ್ಟಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

"ನಾನು ಅರ್ಥಶಾಸ್ತ್ರ ಓದ್ತಿಲ್ಲ. ಕೆಲವು ದಿನ ಓದ್ದೆ. ತೆಗೆದ್ರು. ಕನ್ನಡ ಮೀಡಿಯಮ್ಮಿಂದ ಬಂದ ಆರೂ ಜನಾನ ತೆಗೆದ್ರು. ನಮ್ಗೇ ಬೇಡ ಅಂತ ನಮ್ ಕೈಲೇ ಬರೆಸ್ಕೊಂಡ್ರು. ನಾನೂ ಸೈನ್ ಹಾಕ್ದೆ. ಹೆದ್ರಿಕೊಂಡು ಹಾಕ್ದೆ."

ಪೆನ್ನು ನಿಂತಿತು. ಸೆಲ್ವಿ ತಲೆಯೆತ್ತಿದಳು.

"ಓದು ಅದರಲ್ಲಿರೋದನ್ನ" ಎಂದು ವಾದಿರಾಜರು ಹಲ್ಲು ಕಚ್ಚಿ ಹೇಳಿದರು.

"ಇದ್ರಲ್ಲಿ ನಮ್ಮವ್ವ ಕೆಲಸವಿಲ್ಲದವಳು ಅಂತ ಬರ್ದಿದೆ. ನಮ್ಮವ್ವ ಇಲ್ಲೇ ಕೂತಿದಾಳೆ. ಬೇಕಾದೋರು ಬಂದು ಅವಳ ಕೈ ನೋಡ್ಕೊಂಡು ಹೋಗಿ." ಅವಳು ಹಾಳೆ ಮಡಚಿ ಮಕ್ಕಳ ಕಡೆ ತಿರುಗಿದಳು. "ಎಕನಾಮಿಕ್ಸ್ ಓದಿ. ಓದ್ಲೇಬೇಕು. ಕಷ್ಟ ಇಲ್ಲ, ಅರ್ಧ ನಮ್ಗೆ ಆಗ್ಲೇ ಗೊತ್ತು. ನಮ್ ಅಪ್ಪ ಅವ್ವ ಮಾಡೋದು ಕೆಲಸ ಹೌದೋ ಅಲ್ವೋ ಅಂತ ಇವ್ರು ಕೂತು ಬರೀತಿದಾರೆ. ನಾವು ಓದ್ದೆ ಇದ್ರೆ ಇವ್ರು ಬರ್ದಿದ್ದೇ ಉಳಿಯುತ್ತೆ. ಆದ್ರೆ ಇವತ್ತು ಮಾರ್ಕ್ಸ್‌ಕಾರ್ಡ್ ಕೊಡ್ಬೇಡಿ. ಕನ್ನಡದಲ್ಲಿ ಕ್ಲಾಸು ಮಾಡ್ತೀವಿ ಅಂತ ಇವ್ರು ಬರ್ದು ಸೈನ್ ಹಾಕೋವರ್ಗೂ ಯಾರೂ ಕೊಡ್..."

ಮೈಕು ಸತ್ತಿತು. ಸ್ವಿಚ್ಚಿನ ಹತ್ತಿರ ಮರಿಯಣ್ಣ ನಿಂತಿದ್ದ. ನೆಲ ನೋಡುತ್ತಿದ್ದ.

"...ಬೇಡಿ" ಎಂದು ಮುನಿಗಂಗಾ ಬರಿಗಂಟಲಲ್ಲಿ ಕೂಗಿದಳು. ಕೊನೆಯ ಸಾಲಿನವರೆಗೂ ಕೇಳಿಸಿತು. ಲಾರಿಗಳ ನಡುವೆ ಅವ್ವನನ್ನು ಕೂಗಿ ಕರೆದು ಬೆಳೆದ ಗಂಟಲು ಅದು.

ಸೆಲ್ವಿ ಮಾರ್ಕ್ಸ್‌ಕಾರ್ಡನ್ನು ಕವರಿನ ಸಮೇತ ಚೀಲಕ್ಕೆ ಹಾಕಿಕೊಂಡಳು. ಪಕ್ಕದವಳು ಅವಳನ್ನು ನೋಡಿ ತಾನೂ ಹಾಕಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ "ಫಾರಂ ವಾಪಸ್ ಕೊಡ್ರೀ" ಅಂದರು. ಒಬ್ಬಿಬ್ಬರು ಏನೂ ತೋಚದೆ ಹಾಗೇ ಕೂತಿದ್ದರು.

ವಾದಿರಾಜರು ಎದ್ದು ಬಂದರು. ಆದೇಶದ ಕಾಗದ ಜೇಬಿನಿಂದ ತೆಗೆದು ಅವಳ ಮುಖದ ಮುಂದೆ ಹಿಡಿದರು. "ನೋಡು. ಇನ್ನೂ ಕಾಲ ಮಿಂಚಿಲ್ಲ. 'ತಪ್ಪಾಯ್ತು, ಹೆದ್ರಿಕೊಂಡು ಏನೇನೋ ಅಂದೆ' ಅಂತ ಹೇಳಿ, ಬರ್ದಿದ್ದನ್ನ ಓದು. ಇಲ್ಲಾ ಇಳಿ ಕೆಳಗೆ."

ಮುನಿಗಂಗಾ ಕಾಗದ ನೋಡಿದಳು. ಅವಳ ಹೆಸರಿತ್ತು, ಅರ್ಥಶಾಸ್ತ್ರ ಅಂತ ಇತ್ತು, ಹಸಿರು ಶಾಯಿಯ ಸೈನಿತ್ತು. ಕೈ ಚಾಚಿದರೆ ಸಿಗುತ್ತಿತ್ತು.

"ಓದಲ್ಲ ಸಾರ್. ಇಳಿಯೋದೂ ಇಲ್ಲ."

ಕಾಗದ ಮತ್ತೆ ಜೇಬಿಗೆ ಹೋಯಿತು. ಅದು ಹೋಗುವುದನ್ನು ಅವಳು ಕೊನೆಯವರೆಗೂ ನೋಡಿದಳು.

ಗಿರಿಜಾಂಬಾ ವೇದಿಕೆಯ ಮೆಟ್ಟಿಲಿಳಿದು, ಅತಿಥಿಗಳ ಕಡೆ ಒಮ್ಮೆ ನಕ್ಕು, ಲಕ್ಕಮ್ಮನ ಮುಂದೆ ಬಂದು ಬಗ್ಗಿದರು. ಇಷ್ಟು ಹೊತ್ತಿನಲ್ಲಿ ಅವರು ಅವಳೊಡನೆ ಆಡಿದ ಮೊದಲ ಮಾತು ಅದು.

"ನೋಡಮ್ಮಾ, ನೀನಾದ್ರೂ ತಿಳ್ಕೋ. ಹುಡುಗಿ ಭವಿಷ್ಯ ಹಾಳಾಗುತ್ತೆ. ನೀನು ಕರೆದ್ರೆ ಬರ್ತಾಳೆ. ಕರಿ ನಿನ್ನ ಮಗಳನ್ನ ಕೆಳಗೆ."

ಲಕ್ಕಮ್ಮ ಚಾಚಿದ ಕಾಲನ್ನು ಎಳೆದುಕೊಳ್ಳಲಿಲ್ಲ. ಮೇಲೆ ನಿಂತ ಮಗಳನ್ನು ನೋಡಿದಳು. ಆಮೇಲೆ ಗಿರಿಜಾಂಬಾ ಅವರನ್ನು ನೋಡಿದಳು.

"ನಾ ಕರ್ಯಾಕಿಲ್ಲ" ಅಂದಳು. "ಅವ್ಳಿನ್ನೂ ಮಾತು ಮುಗ್ಸಿಲ್ಲ."